ಮೈಕ್ ಮುಂದಿನ ಕುರ್ಚಿ ಯಾರದು?

ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದಲೇ 30 ವಾಟ್‌ನ ಟ್ರಾನ್ಸ್‌ಮಿಟರ್‌ನಲ್ಲಿ ‘ಆಕಾಶವಾಣಿ’ ಶುರುಮಾಡಿದರು. ಮುಂದೆ ದೇಶದ ಸರ್ಕಾರಿ ಬಾನುಲಿಗೆಲ್ಲ ಅದೇ ಹೆಸರು ಬಂತು. ಆದರೆ ಮೈಕ್ ಮುಂದೆ ಕೂರುವ ಉದ್ಘೋಷಕರನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.

ಮೊದಲು ಅವರು ಗುತ್ತಿಗೆಯ ಮೇಲಿನ ‘ಸ್ಟಾಫ್ ಆರ್ಟಿಸ್ಟ್’ಗಳು. ಹೆಸರಿಗೆ ಕಲಾವಿದರು, ಆದರೆ ಹಾಜರಿ, ಪಾಳಿ ಎಲ್ಲ ಕಚೇರಿಯವರಂತೆಯೇ. ಅವರನ್ನು ಸರ್ಕಾರಿ ನೌಕರರೆಂದು ಪರಿಗಣಿಸುವ ಆದೇಶ ಬಂದದ್ದು 1982ರಲ್ಲಿ. 1997ರಲ್ಲಿ ಆಕಾಶವಾಣಿ, ದೂರದರ್ಶನಗಳನ್ನು ನಡೆಸುವ ಪ್ರಸಾರ ಭಾರತಿ ಬಂದ ಮೇಲೆ ಕಾಯಂ ನೇಮಕ ವಿರಳವಾಗಿ, ನಿವೃತ್ತರ ಪಾಳಿಗಳು ಕ್ಯಾಷುಯಲ್, ಅಂದರೆ ಬೇಕಾದಾಗ ಕರೆಸುವ, ಉದ್ಘೋಷಕರ ಪಾಲಾದವು. ಧ್ವನಿ ಪರೀಕ್ಷೆ, ಉದ್ಘೋಷಕರ ‘ವಾಣಿ’ ತರಬೇತಿ ಎಲ್ಲ ಮುಗಿಸಿದರೂ ಸಾಮಾನ್ಯವಾಗಿ ತಿಂಗಳಿಗೆ 6 ಡ್ಯೂಟಿ. ದುಡ್ಡು ಡ್ಯೂಟಿ ಲೆಕ್ಕದಲ್ಲಿ. ಕಾಯಂ ಮಾಡಿ ಎಂದು ದೇಶದ ಹಲವೆಡೆ ನ್ಯಾಯಾಲಯದ ಮೆಟ್ಟಿಲು ಹತ್ತಿದವರಿದ್ದಾರೆ.

ಕೆಲಸವೇನು ಹಗುರವಲ್ಲ. ಬೇರೆ ಕೇಂದ್ರದಿಂದ ಬರುವ ರಿಲೇ ಸುದ್ದಿ ಶುರುವಾಗಲು ಇನ್ನು 7 ನಿಮಿಷ ಇದೆ ಅಂದುಕೊಳ್ಳಿ. ಕಾರ್ಯಕ್ರಮದ ಸರದಿ ಬರೆದ ಕ್ಯೂ ಶೀಟಿನಲ್ಲಿ 3 ನಿಮಿಷ 20 ಸೆಕೆಂಡಿನ ಒಂದು ಹಾಡು, 3 ನಿಮಿಷ 10 ಸೆಕೆಂಡಿನ ಇನ್ನೊಂದು. ಮಾತಿಗೆ ಉಳಿದದ್ದು 30 ಸೆಕೆಂಡು, ಅಂದರೆ ನಾಲ್ಕೈದು ಸಣ್ಣ ವಾಕ್ಯ. ಮೊದಲ ಹಾಡಿಗೇ ಕವಿ, ಗಾಯಕರ ಗುಣಗಾನ ಉದ್ದವಾಯಿತೋ, ಎರಡನೆಯದನ್ನು ಚರಣದ ನಡುವೆಯೇ ಸದ್ದು ಇಳಿಸಿ ಫೇಡ್ ಮಾಡಬೇಕು, ಕೇಳುಗರು ಕ್ಷಮಿಸುವುದಿಲ್ಲ. ಅದಕ್ಕೇ ಪಳಗಿದವರು ಕೊನೆಗೆ ವಾದ್ಯಸಂಗೀತ ಇಟ್ಟುಕೊಳ್ಳುತ್ತಾರೆ: ಎಲ್ಲಿ ಇಳಿಸಿದರೂ ಅಷ್ಟಾಗಿ ಗೊತ್ತಾಗದು.

ಟೇಪಿನ ಕಾಲದಲ್ಲಿ ಸೆಕೆಂಡಿಗೆ 7.5 ಇಂಚು ಓಡುವ 1,200 ಅಡಿಯ ಸ್ಪೂಲ್ 32 ನಿಮಿಷ ಬರುತ್ತಿತ್ತು. ಟೇಪು ಕತ್ತರಿಸಿ ಅಂಟಿಸಿದ ಜಾಗ ಬಿಟ್ಟುಕೊಂಡರೆ ಪ್ರಸಾರದಲ್ಲಿ ಬರೀ ಮೌನ. ಈಗ ಕಂಪ್ಯೂಟರ್ ಪರದೆಯಿದೆ, ತಪ್ಪಿನ ಬಗೆ ಬೇರೆ: ಒಂದೇ ಹೆಸರಿನ ಎರಡು ಫೈಲಿನಲ್ಲಿ ಬೇರೆಯದು ಒತ್ತುವುದು.

ಹಳೆಯ ತಪ್ಪುಗಳೂ ಹೋಗಿಲ್ಲ. ಮೈಕಿನ ಸದ್ದು ಏರಿಳಿಸುವ ಫೇಡರ್ ಇಳಿಸಲು ಮರೆತರೆ ಕೆಮ್ಮೂ ಪ್ರಸಾರ. ಪಿನ್ ಮಾಡಿದ ಹಾಳೆ ಮಗುಚಿದರೆ ಸರಸರ ಸದ್ದು, ಹಾಗಾಗಿ ಬಿಡಿ ಹಾಳೆಗಳನ್ನು ಪಕ್ಕಕ್ಕೆ ಜಾರಿಸಬೇಕು. ಮೈಕಿಗೆ ನೇರ ಬಾಯಿ ಕೊಟ್ಟರೆ ‘ಫ’, ‘ಭ’ ಸಿಡಿಯುತ್ತವೆ. ಒಂದು ಗೇಣು ದೂರ, ತುಸು ಓರೆ. ತಿಂಗಳಿಗೆ 6 ಡ್ಯೂಟಿಯಲ್ಲಿ ಇದೆಲ್ಲ ಕೈಗೆ ಹತ್ತಲು ವರ್ಷಗಳೇ ಬೇಕು. ಹತ್ತುವ ಹೊತ್ತಿಗೆ ಎಷ್ಟೋ ಮಂದಿ ಬೇರೆ ನೌಕರಿ ಹಿಡಿದಿರುತ್ತಾರೆ.