ಸೂರ್ಯನ ಮೇಲೆ ದೂರು ಹಾಕುವ ಮುಂಚೆ

ಮಂಡ್ಯ ಸೀಮೆಯ ರೈತರಿಗೆ ಹವಾಮಾನ ಸಲಹೆ ಕೊಡುವುದು ನನ್ನ ಕೆಲಸ. ಏಪ್ರಿಲ್ ಬಂತೆಂದರೆ ಈ ಪ್ರಶ್ನೆ ತಪ್ಪುವುದಿಲ್ಲ: "ಸೂರ್ಯನೇ ಜಾಸ್ತಿ ಉರೀತಾವ್ನಂತಲ್ಲ ಸಾರ್, ನಿಜವಾ?" ಭೂಮಿ ಬಿಸಿಯಾಗುತ್ತಿರುವುದಕ್ಕೆ ಸೂರ್ಯನೇ ಕಾರಣ ಅಂತ ವಾಟ್ಸಾಪ್‌ನಲ್ಲಿ ಓಡಾಡುವ ಮಾತು. ಸ್ವಲ್ಪ ನಿಜವೂ ಇದೆ, ಅದೇ ತೊಂದರೆ.

ಸುಮಾರು 11 ವರ್ಷಕ್ಕೊಂದು ಸುತ್ತಿನಂತೆ ಸೂರ್ಯನ ಕಲೆಗಳು ಏರಿ ಇಳಿಯುತ್ತವೆ. ಕೊಡೈಕೆನಾಲ್ ವೀಕ್ಷಣಾಲಯದಲ್ಲಿ ನೂರು ವರ್ಷಕ್ಕೂ ಮೀರಿದ ದಾಖಲೆ ಇದೆ. ಕಪ್ಪು ಕಲೆ ಹೆಚ್ಚಿದರೆ ಬೆಳಕು ಕಡಿಮೆಯಾಗಬೇಕು ಅಲ್ವಾ? ಆಗುವುದು ಉಲ್ಟಾ. ಆ ಹೊತ್ತಿನಲ್ಲಿ ಮೂಡುವ ಹೊಳೆಯುವ ಜಾಗಗಳು ಕೊರತೆ ತುಂಬಿ, ಇನ್ನಷ್ಟು ಮಿಗಿಸುತ್ತವೆ. ಆದರೆ ಎಷ್ಟು? ವಾತಾವರಣದ ನೆತ್ತಿಗೆ ಬೀಳುವ ಶಕ್ತಿ ಚದರ ಮೀಟರಿಗೆ ಸುಮಾರು 1361 ವ್ಯಾಟ್. ಏರಿಳಿತ ಹೆಚ್ಚುಕಡಿಮೆ 1 ವ್ಯಾಟ್. ಭೂಮಿಯ ಸರಾಸರಿ ಉಷ್ಣಾಂಶ ಅದರಿಂದ 0.1 ಡಿಗ್ರಿಯಷ್ಟು ಅಲುಗಾಡುತ್ತದೆ.

1645ರಿಂದ 1715ರವರೆಗೆ ಕಲೆಗಳು ಬಹುತೇಕ ಕಾಣಲೇ ಇಲ್ಲ. ಯುರೋಪಿನಲ್ಲಿ ಆಗ ಕಡು ಚಳಿ. ಆದರೆ ಆ ಚಳಿಗಾಲದ ಯುಗ ಅದಕ್ಕೂ ಮೊದಲೇ ಶುರುವಾಗಿತ್ತು, ಜ್ವಾಲಾಮುಖಿಗಳ ಪಾಲೂ ಅದರಲ್ಲಿತ್ತು.

ಇನ್ನು ನಮ್ಮ ಕಾಲಕ್ಕೆ ಬರೋಣ. 1978ರಿಂದ ಉಪಗ್ರಹಗಳು ಸೂರ್ಯನ ಶಕ್ತಿ ಅಳೆಯುತ್ತಿವೆ, ಅದು ಏರುತ್ತಾ ಹೋಗಿಲ್ಲ. 2019ಕ್ಕೆ ಮುಗಿದ 24ನೇ ಸುತ್ತಂತೂ ನೂರು ವರ್ಷದಲ್ಲೇ ಬಲು ಸಪ್ಪೆ. ಆದರೂ 2016 ಅಲ್ಲಿಯವರೆಗಿನ ಅತಿ ಬಿಸಿ ವರ್ಷವಾಯಿತು.

ನನಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಕಾಣುವುದು ಬೇರೆ ಕಡೆ. ಹವಾಮಾನ ಅಳೆಯುವ ನಮ್ಮ ಬಿಳಿ ಮರದ ಪೆಟ್ಟಿಗೆಯಲ್ಲಿ ಎರಡು ಥರ್ಮಾಮೀಟರ್ ಅಡ್ಡ ಮಲಗಿರುತ್ತವೆ, ಒಂದು ಗರಿಷ್ಠ ಉಷ್ಣಾಂಶಕ್ಕೆ, ಇನ್ನೊಂದು ಕನಿಷ್ಠಕ್ಕೆ. ಕನಿಷ್ಠದ್ದರಲ್ಲಿ ಆಲ್ಕೋಹಾಲ್, ಅದರೊಳಗೆ ಪುಟ್ಟ ಕಡ್ಡಿ. ರಾತ್ರಿ ತಂಪು ಎಲ್ಲಿಗೆ ಇಳಿಯಿತೋ ಕಡ್ಡಿ ಅಲ್ಲೇ ನಿಂತಿರುತ್ತದೆ. ಬೆಳಿಗ್ಗೆ ಓದಿ, ಓರೆ ಮಾಡಿ ಮತ್ತೆ ಹೊಂದಿಸಬೇಕು. ಜಗತ್ತಿನ ನೆಲಭಾಗದ ಇಂಥ ದಾಖಲೆಗಳಲ್ಲಿ, 1950ರಿಂದ ಈಚೆಗೆ ಹಗಲಿಗಿಂತ ರಾತ್ರಿಯ ಉಷ್ಣಾಂಶ ಹೆಚ್ಚು ಏರಿದೆ. ಸೂರ್ಯನೇ ಇಲ್ಲದ ಹೊತ್ತು! ಮೋಡದ ಪಾಲೂ ಇದರಲ್ಲಿದೆ, ಹಾಗಾಗಿ ಇದೊಂದನ್ನೇ ಹಿಡಿದು ಕೂರಬಾರದು. ಮೇಲಿನ ಗಾಳಿಯನ್ನೂ ನೋಡಿ. ಸೂರ್ಯ ಕಾರಣವಾಗಿದ್ದರೆ ವಾಯುಮಂಡಲದ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಅದು ತಣ್ಣಗಾಗಿದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಆಗುವುದೇ ಹೀಗೆ: ಕೆಳಗೆ ಬಿಸಿ, ಮೇಲೆ ತಂಪು. ಕೈಗಾರಿಕೆ ಶುರುವಾಗುವ ಮುಂಚೆ ಹತ್ತು ಲಕ್ಷ ಭಾಗಕ್ಕೆ 280 ಇದ್ದ ಆ ಅನಿಲ ಈಗ 420 ದಾಟಿದೆ.

"ಸೂರ್ಯ ತಣ್ಣಗಾದ್ರೆ ಕಬ್ಬಿಗೆ ನೀರು ಕಮ್ಮಿ ಸಾಕಾಯ್ತದಾ?" ಅಂತಲೂ ಕೇಳುತ್ತಾರೆ. ಇಲ್ಲ. ಆ 0.1 ಡಿಗ್ರಿಯನ್ನು ನಂಬಿ ನಾಲೆ ನೀರಿನ ಲೆಕ್ಕ ಹಾಕಲಾಗದು. ಕೂಳೆ ಕಬ್ಬಿನ ತರಗಿಗೆ ಬೆಂಕಿ ಇಡದೆ ಸಾಲಿನ ನಡುವೆ ಹರಡಿ, ನೆಲದ ತೇವ ಅಷ್ಟಾದರೂ ಉಳಿಯುತ್ತದೆ.