ಔಟ್‌ಲುಕ್ ಫೈಲ್ ಕೆಟ್ಟಾಗ ಒಳಗೆ ಏನಾಗಿರುತ್ತದೆ?

ಕಚೇರಿಗೆ ಬಂದು ಕಂಪ್ಯೂಟರ್ ಹಾಕುತ್ತೀರಿ. ಈಮೇಲ್ ನೋಡುವ ಪ್ರೋಗ್ರಾಂ ಔಟ್‌ಲುಕ್ ತೆರೆಯುವುದಿಲ್ಲ, ಫೈಲ್ ಸರಿಯಿಲ್ಲ ಅನ್ನುತ್ತದೆ. ಹತ್ತು ವರ್ಷದ ಪತ್ರ, ಬಿಲ್ಲು, ಕೊಟೇಶನ್ ಎಲ್ಲ ಹೋಯ್ತು ಅಂತ ಎದೆ ಧಸಕ್ಕೆನ್ನುತ್ತದೆ. ಆದರೆ ಆ ಹೊತ್ತಿಗೆ ಡಿಸ್ಕ್ ಮೇಲೆ ನಿಮ್ಮ ಪತ್ರಗಳಲ್ಲಿ ಹೆಚ್ಚಿನವು ಹಾಗೇ ಇರುತ್ತವೆ. ಕೆಟ್ಟಿರುವುದು ಬಹುಪಾಲು ಬೇರೆಯದೇ ಭಾಗ.

ಪಿಒಪಿ ಖಾತೆ (ಸರ್ವರ್‌ನಿಂದ ಪತ್ರಗಳನ್ನು ನಿಮ್ಮ ಕಂಪ್ಯೂಟರಿಗೇ ಇಳಿಸಿಕೊಳ್ಳುವ ಬಗೆ) ಇಟ್ಟುಕೊಂಡ ಔಟ್‌ಲುಕ್‌ನಲ್ಲಿ ಎಲ್ಲವೂ ಪಿಎಸ್‌ಟಿ ಎಂಬ ಒಂದೇ ಫೈಲ್‌ನಲ್ಲಿ ಕೂತಿರುತ್ತದೆ. ಬಂದ ಪತ್ರ, ಕಳಿಸಿದ ಪತ್ರ, ಅಟ್ಯಾಚ್‌ಮೆಂಟ್, ಕ್ಯಾಲೆಂಡರ್, ವಿಳಾಸಗಳು ಎಲ್ಲ. ಈ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಮೊದಲಿಗೆ ಒಂದು ಆಶ್ಚರ್ಯಸೂಚಕ ಚಿಹ್ನೆ, ಅದರ ಹಿಂದೆ ಇಂಗ್ಲಿಷಿನ ಬಿ, ಡಿ, ಎನ್ ಕಾಣುತ್ತವೆ. ಇದು ಪಿಎಸ್‌ಟಿ ಎಂಬುದಕ್ಕೆ ಗುರುತು ಅಷ್ಟೇ. ಆಮೇಲೆ ಬರುವುದು ಓದಲಾಗದ ಗೋಜಲು.

ಆ ಗೋಜಲಿಗೂ ಒಂದು ಲೆಕ್ಕವಿದೆ. ಪತ್ರಗಳು ಸಣ್ಣ ಸಣ್ಣ ತುಂಡುಗಳಾಗಿ ಫೈಲಿನ ಉದ್ದಕ್ಕೂ ಚದುರಿರುತ್ತವೆ. ಒಂದು ತುಂಡು ಹೆಚ್ಚೆಂದರೆ 8 ಕಿಲೋಬೈಟ್. ಹಾಗಾಗಿ 5 ಎಂಬಿ ಪಿಡಿಎಫ್ ಒಂದಕ್ಕೇ 600ಕ್ಕೂ ಹೆಚ್ಚು ತುಂಡು ಬೇಕು. ಯಾವ ತುಂಡು ಎಲ್ಲಿದೆ, ಯಾವ ಪತ್ರಕ್ಕೆ ಸೇರಿದ್ದು ಎಂದು ಹೇಳಲು ಒಳಗೆ ಎರಡು ಸೂಚಿಗಳಿವೆ. ಹೊಸ ಪತ್ರ ಬಂದಾಗಲೆಲ್ಲ ತುಂಡುಗಳನ್ನೂ ಬರೆಯಬೇಕು, ಸೂಚಿಗಳನ್ನೂ ತಿದ್ದಬೇಕು. ಇದರ ನಡುವೆ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟಿತು ಅನ್ನಿ. ತುಂಡು ಒಂದು ಮಾತು ಹೇಳುತ್ತದೆ, ಸೂಚಿ ಇನ್ನೊಂದು. ಔಟ್‌ಲುಕ್‌ಗೆ ಯಾವುದನ್ನು ನಂಬಬೇಕೋ ತಿಳಿಯುವುದಿಲ್ಲ. ಸುಮ್ನೆ ಊಹಿಸಿ ಮುಂದೆ ಹೋದರೆ ಇನ್ನಷ್ಟು ಹಾಳಾದೀತು, ಅದಕ್ಕೇ ಬಾಗಿಲು ಹಾಕಿಕೊಳ್ಳುತ್ತದೆ. ಒಳ್ಳೆಯದೇ ಮಾಡುತ್ತದೆ.

ಹಳೆಯ ಔಟ್‌ಲುಕ್‌ಗಳಲ್ಲಿ ಕರೆಂಟ್ ಹೋಗಬೇಕು ಅಂತಲೂ ಇರಲಿಲ್ಲ. ಔಟ್‌ಲುಕ್ 97ರಿಂದ 2002ರವರೆಗಿನ ಪಿಎಸ್‌ಟಿಯಲ್ಲಿ ತುಂಡಿನ ಜಾಗವನ್ನು 32 ಬಿಟ್‌ನ ಸಂಖ್ಯೆಯಲ್ಲಿ ಬರೆಯುತ್ತಿದ್ದರು. ಫೈಲಿಗೆ 2 ಜಿಬಿಯೇ ಗಡಿ. ಅದನ್ನು ದಾಟಿದ ಫೈಲ್ ಕೆಟ್ಟಿತೆಂದೇ ಅರ್ಥ, ಎಷ್ಟೋ ಸಲ ಯಾವ ಎಚ್ಚರಿಕೆಯೂ ಬರುತ್ತಿರಲಿಲ್ಲ. ಇದಕ್ಕೆ ಮೈಕ್ರೋಸಾಫ್ಟ್ ಕೊಟ್ಟ ಔಷಧಿ ಸ್ವಲ್ಪ ಕ್ರೂರವೇ: ಫೈಲಿನ ಬಾಲದಿಂದ ಇಷ್ಟು ಎಂಬಿ ಕತ್ತರಿಸಿ ಹಾಕುವ ಒಂದು ಪುಟ್ಟ ಪ್ರೋಗ್ರಾಂ. ಕತ್ತರಿಸಿದ ಭಾಗದಲ್ಲಿ ಏನಿತ್ತೋ ಅದು ಹೋಯಿತು, ಉಳಿದದ್ದನ್ನು ರಿಪೇರಿ ಮಾಡಿಕೊಳ್ಳಿ ಅಂತ. 2003ರ ಆವೃತ್ತಿಯಲ್ಲಿ ಹೊಸ ವಿನ್ಯಾಸ ಬಂದು ಮಿತಿ 20 ಜಿಬಿಗೆ ಏರಿತು, 2010ರಲ್ಲಿ 50 ಜಿಬಿ ಆಯಿತು.

ರಿಪೇರಿಗೆ ಔಟ್‌ಲುಕ್ ಜೊತೆಯಲ್ಲೇ ಸ್ಕ್ಯಾನ್‌ಪಿಎಸ್‌ಟಿ ಎಂಬ ಸಾಧನ ಬರುತ್ತದೆ. ಅದು ಸಿಕ್ಕ ತುಂಡುಗಳನ್ನು ಪರೀಕ್ಷಿಸಿ ಸೂಚಿಗಳನ್ನು ಮತ್ತೆ ಕಟ್ಟುತ್ತದೆ. ಯಾವ ಫೋಲ್ಡರಿಗೆ ಸೇರಿದ್ದೆಂದು ತಿಳಿಯದ ಪತ್ರಗಳನ್ನು ‘ಲಾಸ್ಟ್ ಅಂಡ್ ಫೌಂಡ್’ ಎಂಬ ಫೋಲ್ಡರಿಗೆ ಹಾಕುತ್ತದೆ. ಆದರೆ ನಂಬಲಾಗದ ತುಂಡು ಸಿಕ್ಕರೆ ಬಿಸಾಡುತ್ತದೆ. ಅದಕ್ಕೆ ಬೇಕಾದದ್ದು ಫೈಲ್ ತೆರೆಯುವಂತಾಗುವುದು, ನಿಮ್ಮ ಪ್ರತಿ ಪತ್ರ ಉಳಿಯುವುದಲ್ಲ. ಹಾಗಾಗಿ ಕೆಟ್ಟ ಫೈಲನ್ನು ಮೊದಲು ಬೇರೆ ಡಿಸ್ಕ್‌ಗೆ ಕಾಪಿ ಮಾಡಿ, ಆ ಕಾಪಿಯ ಮೇಲೆ ರಿಪೇರಿ ನಡೆಸಬೇಕು. ಡಿಸ್ಕೇ ಸಾಯುತ್ತಿದ್ದರಂತೂ ರಿಪೇರಿಯ ಒಂದೊಂದು ಓಟವೂ ಅದನ್ನು ಮುಗಿಸುವ ಕೆಲಸವೇ.

ಥಂಡರ್‌ಬರ್ಡ್ ಎಂಬ ಇನ್ನೊಂದು ಈಮೇಲ್ ಪ್ರೋಗ್ರಾಂ ಬಳಸುವವರ ಅದೃಷ್ಟ ಇದಕ್ಕಿಂತ ಚೆನ್ನಾಗಿದೆ. ಪತ್ರಗಳನ್ನಿಡುವ ಅದರ ಎಂಬಾಕ್ಸ್ ಫೈಲ್ ಸಾದಾ ಪಠ್ಯ. ‘ಫ್ರಮ್’ ಎಂದು ಶುರುವಾಗುವ ಸಾಲು ಬಂದರೆ ಹೊಸ ಪತ್ರ, ಅಷ್ಟೇ ನಿಯಮ. ಪತ್ರದ ಒಳಗೇ ಯಾರಾದರೂ ‘ಫ್ರಮ್’ ಎಂದು ಸಾಲು ಶುರು ಮಾಡಿದರೆ? ಗೊಂದಲವಾಗದಿರಲಿ ಎಂದು ಅದರ ಮುಂದೆ ಒಂದು ಬಾಣದ ಗುರುತು (>) ಹಾಕುವ ರೂಢಿಯಿದೆ. ಸೂಚಿ ಪಕ್ಕದಲ್ಲಿ ಪ್ರತ್ಯೇಕ ಫೈಲಾಗಿರುತ್ತದೆ, ಹೆಸರಿನ ಕೊನೆಗೆ ಎಂಎಸ್‌ಎಫ್. ಪತ್ರಗಳು ಕಾಣದಿದ್ದರೆ ಥಂಡರ್‌ಬರ್ಡ್ ಮುಚ್ಚಿ ಈ ಸೂಚಿಯನ್ನು ಅಳಿಸಿ. ಮತ್ತೆ ತೆರೆದಾಗ ಅದೇ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಅಳಿಸಿದ ಪತ್ರವೂ ಕೂಡಲೇ ಹೋಗುವುದಿಲ್ಲ. ಅದರ ತಲೆಯಲ್ಲಿ ‘ಎಕ್ಸ್-ಮೊಜಿಲ್ಲಾ-ಸ್ಟೇಟಸ್: 0009’ ಅಂತ ಬರೆದಿರುತ್ತದೆ. ಇಲ್ಲಿ 1 ಎಂದರೆ ಓದಿದ್ದು, 8 ಎಂದರೆ ಅಳಿಸಿದ್ದು, ಎರಡೂ ಸೇರಿ 9. ಅದನ್ನು 0001 ಎಂದು ತಿದ್ದಿ ಸೂಚಿ ಅಳಿಸಿದರೆ ಪತ್ರ ಎದ್ದು ಬರುತ್ತದೆ. ಫೋಲ್ಡರನ್ನು ‘ಕಾಂಪ್ಯಾಕ್ಟ್’ ಮಾಡಿ, ಅಂದರೆ ಅಳಿಸಿದ ಪತ್ರಗಳನ್ನು ಫೈಲಿನಿಂದಲೇ ತೆಗೆಸಿಬಿಟ್ಟಿದ್ದರೆ ಮಾತ್ರ ಈ ಆಟ ನಡೆಯದು.

ದೊಡ್ಡ ಸಂಸ್ಥೆಗಳ ಪತ್ರ ನೋಡಿಕೊಳ್ಳುವ ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ ಸರ್ವರ್ ನಮ್ಮ ಹಳೇ ಅಂಗಡಿ ಲೆಕ್ಕದ ದಾರಿಯನ್ನೇ ಹಿಡಿದಿದೆ. ವ್ಯವಹಾರ ಆದ ಕೂಡಲೇ ಕಿರ್ದಿಗೆ, ಪುರುಸೊತ್ತಾದಾಗ ಖಾತೆಗೆ. ಅದು ಪ್ರತಿ ಬದಲಾವಣೆಯನ್ನೂ ಮೊದಲು ಲಾಗ್ ಫೈಲಿಗೆ ಬರೆದು, ಆಮೇಲಷ್ಟೇ ಡೇಟಾಬೇಸ್‌ಗೆ ಇಳಿಸುತ್ತದೆ. ಸರ್ವರ್ ಅರ್ಧಕ್ಕೆ ನಿಂತರೆ ಡೇಟಾಬೇಸ್ ‘ಡರ್ಟಿ ಶಟ್‌ಡೌನ್’ ಸ್ಥಿತಿಯಲ್ಲಿ ಉಳಿಯುತ್ತದೆ. ಲಾಗ್ ಓದಿಸಿದರೆ ಸರಿಹೋಗುತ್ತದೆ. ಇನ್ನೂ ಮುಖ್ಯವಾದದ್ದು: ಡೇಟಾಬೇಸ್ ಪೂರ್ತಿ ಹಾಳಾದರೂ ಭಾನುವಾರದ ಬ್ಯಾಕಪ್ ಮೇಲೆ ಸೋಮವಾರದಿಂದ ಈಚಿನ ಲಾಗ್‌ಗಳನ್ನು ಓಡಿಸಿ ಕೆಟ್ಟ ಗಳಿಗೆಯವರೆಗೂ ಬರಬಹುದು. ಜಾಗ ಉಳಿಸಲೆಂದು ಲಾಗ್‌ಗಳನ್ನು ಕೈಯಾರೆ ಅಳಿಸುವವರು ಈ ದಾರಿಯನ್ನೇ ಮುಚ್ಚುತ್ತಾರೆ.

‘ನಮ್ಮದೆಲ್ಲ ಕ್ಲೌಡ್‌ನಲ್ಲಿದೆ, ನಮಗೇಕೆ ಬ್ಯಾಕಪ್’ ಅನ್ನುವವರು ಈಗ ಜಾಸ್ತಿ, ಅಲ್ವಾ? 2011ರ ಫೆಬ್ರವರಿ 27ರಂದು ಕೆಲವರು ಜಿಮೇಲ್ ತೆರೆದಾಗ ಡಬ್ಬಿ ಖಾಲಿ. ಗೂಗಲ್ ಲೆಕ್ಕದಲ್ಲಿ ಬಳಕೆದಾರರ ಶೇ. 0.02ರಷ್ಟು ಮಂದಿ. ಡಿಸ್ಕ್ ಸುಟ್ಟಿರಲಿಲ್ಲ. ಸಂಗ್ರಹದ ಸಾಫ್ಟ್‌ವೇರ್‌ಗೆ ಹಾಕಿದ ಅಪ್‌ಡೇಟ್‌ನಲ್ಲಿ ಒಂದು ದೋಷವಿತ್ತು. ಗೂಗಲ್ ಪ್ರತಿ ಪತ್ರದ ಪ್ರತಿಗಳನ್ನು ಬೇರೆ ಬೇರೆ ಡೇಟಾ ಸೆಂಟರ್‌ಗಳಲ್ಲಿ ಇಟ್ಟಿತ್ತು. ಆದರೆ ಆ ಎಲ್ಲ ಪ್ರತಿಗಳನ್ನೂ ನೋಡಿಕೊಳ್ಳುತ್ತಿದ್ದದ್ದು ಅದೇ ಸಾಫ್ಟ್‌ವೇರ್. ದೋಷ ಅಲ್ಲೂ ಹೋಗಿ ಕೂತಿತು. ಕೊನೆಗೆ ಕೈ ಹಿಡಿದದ್ದು ಮ್ಯಾಗ್ನೆಟಿಕ್ ಟೇಪು! ಯಾವ ಸರ್ವರ್‌ಗೂ ಅಂಟಿಕೊಳ್ಳದೆ ಬಿದ್ದಿದ್ದರಿಂದಲೇ ಟೇಪಿಗೆ ದೋಷ ತಗುಲಿರಲಿಲ್ಲ. ಅದರಿಂದ ಪತ್ರಗಳನ್ನು ವಾಪಸ್ ತರುವುದು ನಿಧಾನದ ಕೆಲಸ, ಗಂಟೆಗಟ್ಟಲೆ ಕಾಯಬೇಕಾಯಿತು. ಆದರೆ ಬಂದವು.

ನಮ್ಮ ಮಟ್ಟದಲ್ಲೂ ಇದೇ ಕತೆ. ಐಮ್ಯಾಪ್ ಖಾತೆಯ ಪತ್ರ ಫೋನ್, ಲ್ಯಾಪ್‌ಟಾಪ್, ಸರ್ವರ್ ಮೂರೂ ಕಡೆ ಕಾಣುತ್ತದೆ. ಫೋನ್‌ನಲ್ಲಿ ಫೋಲ್ಡರ್ ಅಳಿಸಿದರೆ ಮೂರೂ ಕಡೆ ಹೋಗುತ್ತದೆ. ಬ್ಯಾಕಪ್‌ಗೆ ಬೇಕಾದ ಗುಣ ಇಂಥ ಬದಲಾವಣೆಯ ಜೊತೆ ಓಡದೆ ಹಿಂದೆ ಉಳಿಯುವುದು. ವಾರಕ್ಕೊಮ್ಮೆ ಹೊರಗಿನ ಡಿಸ್ಕ್‌ಗೆ ಕಾಪಿ, ಕಾಪಿ ಆದಮೇಲೆ ವೈರ್ ಕಿತ್ತಿಡುವುದು. ಹೋದ ವಾರದ ಕಾಪಿಯ ಮೇಲೆಯೇ ಈ ವಾರದ್ದನ್ನು ಹಾಕಬೇಡಿ. ಕೆಟ್ಟದ್ದು ಗೊತ್ತಾಗುವ ಹೊತ್ತಿಗೆ ಒಂದೇ ಕಾಪಿ ಇದ್ದರೆ ಅದೂ ಕೆಟ್ಟದ್ದೇ ಆಗಿರಬಹುದು. ಪಿಎಸ್‌ಟಿ ಇದ್ದವರು ಔಟ್‌ಲುಕ್ ಮುಚ್ಚಿಯೇ ಕಾಪಿ ಮಾಡಬೇಕು. ತೆರೆದಿದ್ದರೆ ಫೈಲಿಗೆ ಬೀಗ ಬಿದ್ದಿರುತ್ತದೆ, ಎಷ್ಟೋ ಬ್ಯಾಕಪ್ ಪ್ರೋಗ್ರಾಂಗಳು ಅದನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತವೆ. ಪಿಎಸ್‌ಟಿಯನ್ನು ನೆಟ್‌ವರ್ಕ್ ಡ್ರೈವ್‌ನಲ್ಲಿಟ್ಟು ಬಳಸಬೇಡಿ ಎಂದು ಮೈಕ್ರೋಸಾಫ್ಟ್ ಕೂಡ ಹೇಳುತ್ತದೆ.

ಕಾಪಿ ಸರಿಯಿದೆಯೇ ಎಂದು ನೋಡಲು ಅದನ್ನು ಬೇರೊಂದು ಕಂಪ್ಯೂಟರಿಗೆ ಹಾಕಿಕೊಂಡು ಅಲ್ಲಿನ ಔಟ್‌ಲುಕ್‌ನಲ್ಲಿ ತೆರೆಯಿರಿ. ವಿಷಯದ ಸಾಲುಗಳು ಕಂಡವು ಅಂತ ಅಲ್ಲಿಗೇ ಬಿಡಬೇಡಿ. ಹಳೆಯ ಪತ್ರ ಒಂದನ್ನು ಹುಡುಕಿ, ಅದರಲ್ಲಿರುವ ದೊಡ್ಡ ಪಿಡಿಎಫ್ ಅನ್ನು ಕೊನೇ ಪುಟದವರೆಗೆ ಓಡಿಸಿ ನೋಡಿ. ಆ 600 ತುಂಡುಗಳಲ್ಲಿ ಒಂದು ಕೆಟ್ಟಿದ್ದರೂ ಅಲ್ಲಿ ಗೊತ್ತಾಗುವ ಸಾಧ್ಯತೆ ಜಾಸ್ತಿ.