ಹಾರ್ಮೋನು ಕೆಡಿಸುವ ರಾಸಾಯನಿಕಗಳು: ಅಡುಗೆಮನೆಯಿಂದಲೇ ಯಾಕೆ ಶುರು ಮಾಡಬೇಕು

ಈ ವಿಷಯ ಓದಲು ಕೂತವರು ಮೊದಲು ಹೆಸರುಗಳನ್ನು ಬಾಯಿಪಾಠ ಮಾಡುತ್ತಾರೆ: ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ, ತಗಡಿನ ಡಬ್ಬಿಯ ಒಳಲೇಪದಲ್ಲಿ ಇರುವ ಬಿಸ್ಫಿನಾಲ್ ಎ (ಬಿಪಿಎ), ಪ್ಲಾಸ್ಟಿಕ್ ಮೆತ್ತಗಾಗಿಸುವ ಥಾಲೇಟ್, ಕ್ರೀಮ್ ಕೆಡದಂತೆ ಬೆರೆಸುವ ಪ್ಯಾರಾಬೆನ್, ಸೋಪಿನ ಸೂಕ್ಷ್ಮಾಣುನಾಶಕ ಟ್ರೈಕ್ಲೋಸಾನ್, ಅಂಟದ ಲೇಪನಗಳ ಪಿಎಫ್‌ಎಎಸ್, ಕೀಟನಾಶಕ ಡಿಡಿಟಿ. ಅದಕ್ಕೂ ಮುಂಚೆ ಇವನ್ನು ಎರಡು ಗುಂಪು ಮಾಡಿಕೊಳ್ಳಿ. ಮೈಯಿಂದ ಬೇಗ ಹೊರಹೋಗುವಂಥವು ಒಂದು ಗುಂಪು, ವರ್ಷಗಟ್ಟಲೆ ಉಳಿದುಬಿಡುವಂಥವು ಇನ್ನೊಂದು. ಬಿಪಿಎ ಹೊಟ್ಟೆಗೆ ಹೋದರೆ ಯಕೃತ್ತು ಅದನ್ನು ಮಾರ್ಪಡಿಸಿ, ಬಹುಪಾಲನ್ನು ಒಂದೇ ದಿನದಲ್ಲಿ ಮೂತ್ರದ ಮೂಲಕ ಕಳಿಸಿಬಿಡುತ್ತದೆ. ಥಾಲೇಟ್‌, ಪ್ಯಾರಾಬೆನ್‌ಗಳ ದಾರಿಯೂ ಹೆಚ್ಚುಕಮ್ಮಿ ಇದೇ. ಡಿಡಿಟಿಯ ಉಳಿಕೆ ಕೊಬ್ಬಿನಲ್ಲಿ ಸೇರಿಕೊಂಡರೆ, ಪಿಎಫ್‌ಎಎಸ್ ರಕ್ತದ ಪ್ರೋಟೀನಿಗೆ ಅಂಟಿಕೊಂಡು ಕೂರುತ್ತದೆ.

ಹಾಗಿದ್ದರೆ, ಅಮೆರಿಕದಲ್ಲಿ 2003–04ರಲ್ಲಿ 2,500ಕ್ಕೂ ಹೆಚ್ಚು ಜನರ ಮೂತ್ರ ಪರೀಕ್ಷಿಸಿದಾಗ ನೂರಕ್ಕೆ 93 ಮಂದಿಯಲ್ಲಿ ಬಿಪಿಎ ಸಿಕ್ಕಿದ್ದು ಹೇಗೆ? ದಿನದಿನವೂ ಹೊಸದಾಗಿ ಒಳಗೆ ಹೋಗುತ್ತಿದ್ದರಿಂದ. ಮನೆಯ ಅಭ್ಯಾಸ ಬದಲಿಸಿದರೆ ಫಲ ಬೇಗ ಕಾಣುವುದು ಈ ಮೊದಲ ಗುಂಪಿನಲ್ಲೇ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಸುತ್ತಲಿನ 5 ಕುಟುಂಬಗಳ 20 ಜನರಿಗೆ ಮೂರು ದಿನ ಡಬ್ಬಿ ಆಹಾರ, ಪ್ಲಾಸ್ಟಿಕ್ ಪೊಟ್ಟಣ ಎರಡೂ ಇಲ್ಲದ ತಾಜಾ ಊಟ ಕೊಟ್ಟರು. ಮೂತ್ರದಲ್ಲಿ ಬಿಪಿಎ ಸರಾಸರಿ ಶೇ 66ರಷ್ಟು ಇಳಿಯಿತು. ಡಿಇಎಚ್‌ಪಿ ಎಂಬ ಥಾಲೇಟಿನ ಅಂಶಗಳು ಅರ್ಧಕ್ಕಿಂತ ಹೆಚ್ಚು ಕಡಿಮೆಯಾದವು. ಹಳೆಯ ಊಟಕ್ಕೆ ಮರಳಿದ ಮೇಲೆ ಮತ್ತೆ ಏರಿದವು.

ಪ್ಲಾಸ್ಟಿಕ್ಕಿನಿಂದ ಆಹಾರಕ್ಕೆ ಎಷ್ಟು ಇಳಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ಮುಖ್ಯವಾಗಿ ಬಿಸಿ, ಜಿಡ್ಡು, ಹುಳಿ, ಸಮಯ. ಮೆತ್ತನೆಯ ಪಿವಿಸಿಯಲ್ಲಿ ತೂಕದ ಮೂರನೇ ಒಂದರಷ್ಟು ಥಾಲೇಟ್ ಇರಬಹುದು. ಅದು ಪ್ಲಾಸ್ಟಿಕ್ಕಿಗೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ, ಸುಮ್ಮನೆ ಬೆರೆತಿರುತ್ತದೆ; ಎಣ್ಣೆ ಸಿಕ್ಕರೆ ಅದರೊಳಕ್ಕೆ ಹೋಗುತ್ತದೆ. ಗಟ್ಟಿಯಾದ, ಗಾಜಿನಷ್ಟು ತಿಳಿಯಾದ ಪಾಲಿಕಾರ್ಬೊನೇಟಿನ ಕಥೆ ಬೇರೆ. ಅದು ಬಿಪಿಎ ಕೊಂಡಿಗಳಿಂದಲೇ ಕಟ್ಟಿದ ಸರಪಳಿ. ಬಿಸಿನೀರೂ ಕ್ಷಾರವೂ ಆ ಕೊಂಡಿಗಳನ್ನು ಬಿಡಿಸುತ್ತವೆ. 2008ರ ಒಂದು ಪ್ರಯೋಗದಲ್ಲಿ ಕುದಿಯುವ ನೀರು ಹಾಕಿದಾಗ ಪಾಲಿಕಾರ್ಬೊನೇಟ್ ಬಾಟಲಿಯಿಂದ ಬಿಪಿಎ ಬಿಡುಗಡೆಯ ವೇಗ ತಣ್ಣೀರಿಗಿಂತ 15ರಿಂದ 55 ಪಟ್ಟು ಹೆಚ್ಚಿತು. ಬಾಟಲಿ ಹೊಸದೋ ಹಳೆಯದೋ ಎಂಬುದಕ್ಕಿಂತ ನೀರಿನ ಬಿಸಿಯೇ ಮುಖ್ಯವಾಯಿತು.

ಇದನ್ನು ಹಿಡಿದು ನಮ್ಮ ಅಡುಗೆಮನೆ ನೋಡಿ. ಹೋಟೆಲಿನಿಂದ ಕುದಿಕುದಿ ಸಾಂಬಾರನ್ನು ತೆಳು ಕವರಿನಲ್ಲಿ ಕಟ್ಟಿಸಿಕೊಂಡು ಬರುವುದರಲ್ಲಿ ಬಿಸಿ, ಜಿಡ್ಡು, ಹುಳಿ ಮೂರೂ ಒಟ್ಟಿಗೆ ಇವೆ. ಸ್ಟೀಲ್ ಕ್ಯಾರಿಯರ್ ಒಯ್ದರೆ ಆ ದಾರಿಯೇ ಮುಚ್ಚುತ್ತದೆ. ನನ್ನ ಲೆಕ್ಕದಲ್ಲಿ ಕೈಗೆಟುಕುವ ಬದಲಾವಣೆಗಳಲ್ಲಿ ಇದೇ ದೊಡ್ಡದು. 2025ರ ಫೆಬ್ರುವರಿಯಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ ಸುಮಾರು 250 ಕಡೆ ಪರಿಶೀಲಿಸಿದಾಗ 52 ಕಡೆ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿದ್ದು ಕಂಡಿತ್ತು. ಸರ್ಕಾರ ಅದನ್ನು ನಿಷೇಧಿಸಿತು. ಶುದ್ಧ ಪಾಲಿಥೀನಿಗೆ ಥಾಲೇಟ್ ಬೇಕಿಲ್ಲ ಎಂಬ ವಾದ ರಸಾಯನಶಾಸ್ತ್ರದ ಮಟ್ಟಿಗೆ ಸರಿ. ಆದರೆ ಸಂತೆಯಲ್ಲಿ ಕೊಂಡ ಹಾಳೆ ಯಾವ ದರ್ಜೆಯದು, ಅದಕ್ಕೆ ಏನೇನು ಬೆರೆಸಿದ್ದಾರೆ ಎಂದು ತಟ್ಟೆಗೆ ಹಿಟ್ಟು ಹುಯ್ಯುವವರಿಗೆ ತಿಳಿಯುವುದಿಲ್ಲ. ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟೆ ಸಾಕು.

ಉಪ್ಪಿನಕಾಯಿಯಲ್ಲಿ ಎಣ್ಣೆ, ಹುಳಿ, ತಿಂಗಳುಗಟ್ಟಲೆ ಸಮಯ ಎಲ್ಲವೂ ಕೂಡುತ್ತವೆ. ಗಾಜು ಅಥವಾ ಪಿಂಗಾಣಿ ಜಾಡಿಯೇ ಸರಿ. ಅಕ್ಕಿ, ಬೇಳೆ, ರವೆಯ ಪ್ಲಾಸ್ಟಿಕ್ ಡಬ್ಬಿಗಳನ್ನು ಗಡಿಬಿಡಿಯಿಂದ ಎಸೆಯಬೇಕಿಲ್ಲ. ಒಣ, ತಣ್ಣನೆಯ, ಜಿಡ್ಡಿಲ್ಲದ ಪದಾರ್ಥಕ್ಕೆ ಇಳಿಯುವುದು ತೀರಾ ಕಡಿಮೆ. ದುಡ್ಡು ಮಿತವಾಗಿದ್ದರೆ ಮೊದಲು ತುಪ್ಪ, ಎಣ್ಣೆ, ಉಪ್ಪಿನಕಾಯಿ, ಮಿಕ್ಕ ಸಾರಿನ ಪಾತ್ರೆ ಬದಲಿಸಿ. ಮೈಕ್ರೊವೇವ್‌ಗೆ ಗಾಜು ಅಥವಾ ಪಿಂಗಾಣಿ ಬಟ್ಟಲು ಇಡಿ. ‘ಮೈಕ್ರೊವೇವ್ ಸೇಫ್’ ಎಂದು ಬರೆದಿದ್ದರೆ ಡಬ್ಬಿ ಕರಗಿ ವಿಕಾರವಾಗದು ಎಂಬುದಷ್ಟೇ ಖಾತ್ರಿ; ಏನೂ ಇಳಿಯದು ಎಂದು ಅದರಿಂದ ತಿಳಿಯಬೇಡಿ.

20 ಲೀಟರ್ ನೀರಿನ ಕ್ಯಾನಿನ ತಳದಲ್ಲಿ ತ್ರಿಕೋನದೊಳಗಿನ ಅಂಕಿ ಹುಡುಕಿ. 1 ಇದ್ದರೆ ಪೆಟ್, ಅದರಲ್ಲಿ ಬಿಪಿಎ ಇಲ್ಲ. 7 ಎಂದರೆ ‘ಇತರೆ’. ನೀಲಿ ಛಾಯೆಯ ಗಟ್ಟಿ ಕ್ಯಾನಾದರೆ ಪಾಲಿಕಾರ್ಬೊನೇಟ್ ಎಂದೇ ಎಣಿಸಬಹುದು. ಅದನ್ನು ಬಿಸಿಲಲ್ಲಿ ಇಡಬೇಡಿ, ಬಿಸಿನೀರು ಅಥವಾ ಸೋಡಾ ಹಾಕಿ ತೊಳೆಯಬೇಡಿ, ತಂದ ನೀರನ್ನು ಬೇಗ ಸ್ಟೀಲ್ ಅಥವಾ ಮಣ್ಣಿನ ಹೂಜಿಗೆ ಸುರಿದುಕೊಳ್ಳಿ.

ಈಗ ಎಡವುವ ಜಾಗ. ಸಿಯಾಟಲ್‌ನಲ್ಲಿ ಸಂಶೋಧಕಿ ಶೀಲಾ ಸತ್ಯನಾರಾಯಣ ಅವರ ತಂಡ 10 ಕುಟುಂಬಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಐದು ದಿನ ಪ್ಲಾಸ್ಟಿಕ್ ಸೋಂಕದಂತೆ ಅಡುಗೆ ಮಾಡಿಸಿ ಕೊಟ್ಟಿತು. ಇನ್ನೊಂದು ಪಾಲಿಗೆ ಬರೀ ಲಿಖಿತ ಸಲಹೆ. 2013ರಲ್ಲಿ ಪ್ರಕಟವಾದ ಫಲಿತಾಂಶ ನಿರೀಕ್ಷೆಗೆ ಪೂರ್ತಿ ತಿರುಗುಮುರುಗು. ಊಟ ಕೊಟ್ಟವರಲ್ಲಿ ಡಿಇಎಚ್‌ಪಿ ಅಂಶಗಳು ಸುಮಾರು 25 ಪಟ್ಟು ಏರಿದ್ದವು! ಪದಾರ್ಥಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ ಕೊತ್ತಂಬರಿ ಪುಡಿಯಲ್ಲಿ ಕೆಜಿಗೆ 21 ಮಿಲಿಗ್ರಾಂ ಮೀರಿ ಡಿಇಎಚ್‌ಪಿ ಸಿಕ್ಕಿತು, ಹಾಲಿನಲ್ಲೂ ಇತ್ತು. ಬರೀ ಸಲಹೆ ಪಡೆದವರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ನಮ್ಮ ಪಾತ್ರೆ ಶುದ್ಧವಿದ್ದರೂ ಪದಾರ್ಥ ಬರುವ ಹಾದಿಯಲ್ಲಿನ ಕೊಳವೆ, ಸಾಗಣೆ ಬೆಲ್ಟ್, ಚೀಲಗಳು ನಮ್ಮ ಕೈಯಲ್ಲಿಲ್ಲ. ಧನಿಯಾ, ಮೆಣಸಿನಕಾಯಿ ಇಡಿಯಾಗಿ ಕೊಂಡು, ಹುರಿದು ಮನೆಯಲ್ಲೋ ಮಿಲ್ಲಿನಲ್ಲೋ ಪುಡಿ ಮಾಡಿಸಿದರೆ ಆ ಹಾದಿ ಒಂದಿಷ್ಟು ಮೊಟಕಾಗುತ್ತದೆ. ಉಳಿದದ್ದು ಕಾನೂನಿನ ಕೆಲಸ, ಮನೆಯವರ ತಲೆಗೆ ಕಟ್ಟುವಂಥದ್ದಲ್ಲ.

‘ಬಿಪಿಎ ಮುಕ್ತ’ ಎಂಬ ಚೀಟಿಯನ್ನೂ ಎಚ್ಚರದಿಂದ ಓದಿ. ಎಷ್ಟೋ ಕಡೆ ಬಿಪಿಎ ಜಾಗಕ್ಕೆ ಬಂದದ್ದು ಬಿಸ್ಫಿನಾಲ್ ಎಸ್. ಅಣುವಿನ ರಚನೆ ಹತ್ತಿರದ್ದು, ಈಸ್ಟ್ರೊಜೆನ್ ಎಂಬ ಹಾರ್ಮೋನು ಜೀವಕೋಶದಲ್ಲಿ ಕೂರುವ ಜಾಗದ (ಗ್ರಾಹಕದ) ಮೇಲೆ ಅದರ ಕೆಲಸವೂ ಹತ್ತಿರದ್ದು. ಅಂಗಡಿ, ಎಟಿಎಂಗಳ ಬಿಸಿಮುದ್ರಣದ ರಸೀದಿಯಲ್ಲಿ ಇವು ಯಾವುದಕ್ಕೂ ಅಂಟದೆ ಬಿಡಿಯಾಗಿ, ಪುಡಿಯಂತೆ ಇರುತ್ತವೆ. ಸ್ಯಾನಿಟೈಸರ್ ಅಥವಾ ಕ್ರೀಮ್ ಹಚ್ಚಿದ ಕೈಯಲ್ಲಿ ಹಿಡಿದರೆ ಚರ್ಮದೊಳಕ್ಕೆ ಹೆಚ್ಚು ಇಳಿಯುತ್ತದೆ. ದಿನವಿಡೀ ಬಿಲ್ ಹರಿದು ಕೊಡುವವರಿಗೆ ಇದು ನಿಜವಾದ ಚಿಂತೆ. ಊಟಕ್ಕೆ ಮುಂಚೆ ಅವರು ಸೋಪು ನೀರಿನಲ್ಲೇ ಕೈ ತೊಳೆಯಬೇಕು.

ಮೈಗೆ ಹಚ್ಚುವ ವಸ್ತುಗಳ ಬಗ್ಗೆ ಒಳ್ಳೆಯ ಪುರಾವೆ ಬಂದಿರುವುದು ಕ್ಯಾಲಿಫೋರ್ನಿಯಾದ ಸಲೀನಾಸ್‌ನಿಂದ. 100 ಹದಿಹರೆಯದ ಹುಡುಗಿಯರು ಮೂರು ದಿನ ಬೇರೆ ಸೋಪು, ಶಾಂಪೂ, ಕ್ರೀಮ್ ಬಳಸಿದಾಗ ಮೀಥೈಲ್ ಪ್ಯಾರಾಬೆನ್ ಶೇ 44, ಟ್ರೈಕ್ಲೋಸಾನ್ ಶೇ 36, ಡೈಈಥೈಲ್ ಥಾಲೇಟಿನ ಅಂಶ ಶೇ 27 ಇಳಿದವು. ಲೇಬಲ್ಲಿನಲ್ಲಿ ‘ಪ್ಯಾರಾಬೆನ್’ ಎಂದು ಕೊನೆಗೊಳ್ಳುವ ಹೆಸರು ಸುಲಭಕ್ಕೆ ಸಿಗುತ್ತದೆ. ಥಾಲೇಟ್ ಸಾಮಾನ್ಯವಾಗಿ ‘ಫ್ರಾಗ್ರೆನ್ಸ್’ ಅಥವಾ ‘ಪರ್ಫ್ಯೂಮ್’ ಎಂಬ ಒಂದೇ ಪದದ ಹಿಂದೆ ಅಡಗಿರುತ್ತದೆ. ತೊಳೆದುಹೋಗುವ ಶಾಂಪೂಗಿಂತ ಮೈಮೇಲೇ ಉಳಿಯುವ ಲೋಷನ್, ಬಾಡಿ ಸ್ಪ್ರೇಗಳನ್ನು ಮೊದಲು ಬಿಡಿ.

ಎರಡನೇ ಗುಂಪಿನ ಬಗ್ಗೆ ಮನೆಯಲ್ಲಿ ಮಾಡುವುದು ಕಮ್ಮಿ. ಕಾಸರಗೋಡು, ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಎರಚುತ್ತಿದ್ದ ಎಂಡೋಸಲ್ಫಾನ್ ಎಂಬ ಕೀಟನಾಶಕಕ್ಕೆ ದೇಶವಿಡೀ ತಡೆ ಬಿದ್ದದ್ದು ಊರಿನವರ ಹೋರಾಟದಿಂದ ಮತ್ತು 2011ರ ಸುಪ್ರೀಂ ಕೋರ್ಟ್ ಆದೇಶದಿಂದ.

ಗರ್ಭಿಣಿಯರು, ಎಳೆಮಕ್ಕಳು ಇರುವ ಮನೆಯಲ್ಲಿ ಇಷ್ಟನ್ನೂ ಇನ್ನೂ ಬಿಗಿಯಾಗಿ ಪಾಲಿಸಬೇಕು. ಭ್ರೂಣದ ಅಂಗಗಳು ರೂಪುಗೊಳ್ಳುವಾಗ ಹಾರ್ಮೋನಿನ ಸಂದೇಶ ತಪ್ಪಿದರೆ ಆಮೇಲೆ ತಿದ್ದಲು ಬರುವುದಿಲ್ಲ. ಭಾರತೀಯ ಮಾನಕ ಬ್ಯೂರೊ 2015ರಲ್ಲೇ ಹಾಲುಣಿಸುವ ಬಾಟಲಿಗೆ ಪಾಲಿಕಾರ್ಬೊನೇಟ್ ಬೇಡವೆಂದಿದೆ, ಆದ್ದರಿಂದ ಅಟ್ಟದ ಮೇಲಿನ ಹಳೆಯ ಬಾಟಲಿ ಇಳಿಸಿ ಕೊಡಬೇಡಿ. ಪಿವಿಸಿ ನೆಲಹಾಸು, ಫೋಮ್ ಸೋಫಾಗಳಿಂದ ಉದುರುವ ಥಾಲೇಟ್, ಬೆಂಕಿನಿರೋಧಕಗಳು ದೂಳಿನಲ್ಲಿ ಸೇರುತ್ತವೆ. ಒಣ ಪೊರಕೆ ಅದನ್ನು ಗಾಳಿಗೆ ಎಬ್ಬಿಸುತ್ತದೆ. ಅಂಬೆಗಾಲಿಡುವ ಮಗುವಿದ್ದರೆ ದಿನಾ ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ, ಉಣಿಸುವ ಮುಂಚೆ ಅದರ ಕೈ ತೊಳೆಸಿ.